ಮುದ್ದೆಯಂಥ ಸೀಟು ಬಿಟ್ಟು ಚರ್ಮದ ಸೀಟಿಗೆ: ಬ್ರೂಕ್ಸ್ ಬಿ17 ಶಾರ್ಟ್, 3,100 ಕಿಲೋಮೀಟರ್ ಆದ ಮೇಲೆ

ಪ್ರತಿ ಭಾನುವಾರ ಸೈಕಲ್ ತುಳಿದು ದುದ್ದ ದಾಟುವ ಹೊತ್ತಿಗೆ ನನಗೆ ಜೋಮು ಹಿಡಿಯುತ್ತಿತ್ತು. ಕಾಲಿಗಲ್ಲ, ಕೂತ ಜಾಗಕ್ಕೆ. ಮಂಡ್ಯದಿಂದ ಶಿವಳ್ಳಿ, ದುದ್ದ, ಜಕ್ಕನಹಳ್ಳಿ ಮೇಲೆ ಮೇಲುಕೋಟೆಗೆ ಹೋಗಿ ಬಂದರೆ ಹೆಚ್ಚುಕಮ್ಮಿ 75 ಕಿಲೋಮೀಟರ್. ಕಾಲಲ್ಲಿ ಕಸುವು ಇರುತ್ತಿತ್ತು, ಉಸಿರೂ ಇರುತ್ತಿತ್ತು. ಕೂರಲು ಮಾತ್ರ ಆಗುತ್ತಿರಲಿಲ್ಲ. ಜಕ್ಕನಹಳ್ಳಿಯಲ್ಲಿ ಇಳಿದು ಐದು ನಿಮಿಷ ನಡೆದಾಡಿದ ಮೇಲೇ ಬೆಟ್ಟ ಹತ್ತುವುದು. ಮನೆಗೆ ಬಂದು ಮೈಮೇಲೆ ನೀರು ಹಾಕಿಕೊಂಡರೆ ತೊಡೆಸಂದಿಯಲ್ಲಿ ಉರಿ. ಇದನ್ನು ಹೆಂಗಸರು ಯಾರ ಹತ್ತಿರವೂ ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಎರಡು ವರ್ಷ ಹೇಳಲಿಲ್ಲ. ಆ ಎರಡು ವರ್ಷ ಸುಮ್ನೆ ಹಾಳಾಯಿತು ಅಂತ ಈಗ ಅನ್ನಿಸುತ್ತದೆ. ಅದಕ್ಕೇ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ವಯಸ್ಸು 46. ನನ್ನದು ನೇರ ಹ್ಯಾಂಡಲ್ಲಿನ ಹೈಬ್ರಿಡ್ ಸೈಕಲ್. ಪೂರ್ತಿ ಬಗ್ಗಿಯೂ ಇಲ್ಲ, ಪೂರ್ತಿ ನೆಟ್ಟಗೂ ಇಲ್ಲ, ನಡುವೆ ಕೂರುತ್ತೇನೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ನೀವು ಎಷ್ಟು ಬಗ್ಗಿ ಕೂರುತ್ತೀರಿ ಅನ್ನುವುದರ ಮೇಲೆ ನಿಮಗೆ ಯಾವ ಸೀಟು ಆಗುತ್ತದೆ ಅನ್ನುವುದು ನಿಂತಿದೆ.

ಸೈಕಲ್ ಜೊತೆ ಬಂದ ಸೀಟು ಕಿರಿದಾಗಿತ್ತು. ಅದರ ಮೇಲೆ 30 ಕಿಲೋಮೀಟರ್ ಆದಮೇಲೆ ನೋವು ಶುರು. ಮೈಸೂರಿನ ಒಂದು ಅಂಗಡಿಗೆ ಹೋಗಿ ಹೇಳಿದೆ. ಅಲ್ಲಿದ್ದ ಹುಡುಗ ಅಗಲವಾದ ಜೆಲ್ ಸೀಟು ತೆಗೆದು ಮುಂದಿಟ್ಟ. "ಹೆಬ್ಬೆಟ್ಟಲ್ಲಿ ಒತ್ತಿ ನೋಡಿ ಮೇಡಂ, ಬೆಣ್ಣೆ ಥರ ಇದೆ" ಅಂದ. ಒತ್ತಿದೆ, ನಿಜವಾಗಲೂ ಬೆಣ್ಣೆ ಥರವೇ ಇತ್ತು. 1,450 ರೂಪಾಯಿ ಕೊಟ್ಟು ತಂದೆ. ಮೊದಲ ಹತ್ತು ಕಿಲೋಮೀಟರ್ ಸೋಫಾ ಮೇಲೆ ಕೂತ ಹಾಗಿತ್ತು. ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಹಳೇ ಸೀಟಿಗಿಂತ ಜಾಸ್ತಿ ಜೋಮು, ಜೊತೆಗೆ ತೊಡೆಯ ಒಳಬದಿ ಉಜ್ಜಿ ಉಜ್ಜಿ ಕೆಂಪಾಗಿತ್ತು. ವಾಪಸ್ ತಗೊಂಡು ಹೋದರೆ "ಒಂದ್ಸಲ ಫಿಟ್ ಮಾಡಿದ್ಮೇಲೆ ವಾಪಸ್ ತಗೊಳಲ್ಲ" ಅಂದರು. ದುಡ್ಡು ಹೋದದ್ದಕ್ಕಿಂತ ಬೇಜಾರಾದದ್ದು ಬೇರೆ. ನಾನು ಎಷ್ಟು ದೂರ ಹೋಗುತ್ತೇನೆ, ಹೇಗೆ ಕೂರುತ್ತೇನೆ ಅಂತ ಆ ಅಂಗಡಿಯಲ್ಲಿ ಒಬ್ಬರೂ ಕೇಳಿರಲಿಲ್ಲ.

ಮೆತ್ತನೆ ಸೀಟು ಯಾಕೆ ನೋಯಿಸುತ್ತದೆ ಅನ್ನುವುದು ತಿಳಿಯಬೇಕಾದರೆ ಬಿಸಿ ಮುದ್ದೆಗೆ ಎರಡು ಬೆರಳು ಒತ್ತಿ ನೋಡಿ. ಬೆರಳು ಒಳಗೆ ಇಳಿಯುತ್ತದೆ. ಎರಡು ಬೆರಳಿನ ನಡುವೆ ಮುದ್ದೆ ಮೇಲಕ್ಕೆ ಉಬ್ಬುತ್ತದೆ. ನಮ್ಮ ಅಂಡಿನ ಕೆಳಗೆ ಎರಡು ಕಡೆ ಎರಡು ಮೂಳೆ ಇವೆ. ಗಟ್ಟಿ ಜಗಲಿ ಮೇಲೆ ಕೂತರೆ ಚುಚ್ಚುತ್ತವಲ್ಲ, ಅವೇ. ಮೈಭಾರ ಹೊರಬೇಕಾದವು ಆ ಎರಡು ಮೂಳೆ. ಜೆಲ್ ಸೀಟಿನಲ್ಲಿ ಅವು ಹೂತುಹೋಗುತ್ತವೆ, ನಡುವಿನ ಜೆಲ್ ಉಬ್ಬಿ ಮೆತ್ತನೆ ಜಾಗಕ್ಕೆ ಒತ್ತುತ್ತದೆ. ನರ, ರಕ್ತನಾಳ ಎಲ್ಲ ಹಾದುಹೋಗುವುದು ಅಲ್ಲೇ. ಜೋಮು ಬರುವುದು ಅದಕ್ಕೇ. ಹತ್ತು ನಿಮಿಷ ತರಕಾರಿ ತರಲು ಹೋಗುವವರಿಗೆ ಇದರಿಂದ ಏನೂ ಆಗುವುದಿಲ್ಲ. ನಾಲ್ಕು ಗಂಟೆ ಕೂತರೆ ಆಗುತ್ತದೆ.

ಇದನ್ನು ನನಗೆ ಮೊದಲು ಹೇಳಿದವರು ನಮ್ಮ ಬೀದಿ ಕೊನೆಯ ಪಂಚರ್ ಅಂಗಡಿ ಅಣ್ಣ. ಅವರಿಗೆ 60 ದಾಟಿದೆ. ಜೆಲ್ ಸೀಟು ಬಿಚ್ಚಿಸಲು ಹೋದಾಗ ಅದನ್ನು ಹಿಡಿದು ಹಿಸುಕಿ ನೋಡಿ, "ಟೀಚರಮ್ಮ, ಮೆತ್ತಗಿದ್ರೆ ಸುಕ ಅಂತ ಯಾರು ಯೋಳಿದ್ರು ನಿಮ್ಗೆ? ನಿಮ್ಮಪ್ಪಾರ ಸೈಕಲ್ ಸೀಟು ನೆಪ್ಪೈತಾ?" ಅಂದರು.

ನೆನಪಿಲ್ಲದೆ ಏನು. ಅಪ್ಪ ಮೈಷುಗರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. 1933ರಲ್ಲಿ ಶುರುವಾದ ಆ ಕಾರ್ಖಾನೆಯ ಹೊತ್ತಿಗೆ ತಕ್ಕ ಹಾಗೆ ನಮ್ಮೂರ ಎಷ್ಟೋ ಮನೆಗಳು ಏಳುತ್ತಿದ್ದವು, ಮಲಗುತ್ತಿದ್ದವು. ಅಪ್ಪ ಊರಿಂದ 11 ಕಿಲೋಮೀಟರ್ ಸೈಕಲ್ ತುಳಿದು ಹೋಗುತ್ತಿದ್ದರು, ಮತ್ತೆ 11 ತುಳಿದು ಬರುತ್ತಿದ್ದರು. ಕಪ್ಪು ಸೈಕಲ್, ಹಿಂದೆ ದೊಡ್ಡ ಕ್ಯಾರಿಯರ್, ಕೆಳಗೆ ಎರಡು ಸ್ಪ್ರಿಂಗ್ ಇದ್ದ ಚರ್ಮದ ಸೀಟು. ಸೀಟಿನ ಚರ್ಮ ಎಷ್ಟು ಗಟ್ಟಿ ಅಂದರೆ ಬೆರಳಲ್ಲಿ ತಟ್ಟಿದರೆ ಟಕ್ ಟಕ್ ಅನ್ನುತ್ತಿತ್ತು. ಅದರ ಮೇಲೆ ಎರಡು ತಗ್ಗು ಬಿದ್ದಿದ್ದವು, ಅಪ್ಪನ ಅಳತೆಯವು. ನಾನು ಕೂತರೆ ನನ್ನದು ಆ ತಗ್ಗಿಗೆ ಕೂಡುತ್ತಲೇ ಇರಲಿಲ್ಲ. ಮೆಟ್ಟಿಗೆ ಹರಳೆಣ್ಣೆ ಸವರುವಾಗ ಉಳಿದ ಎಣ್ಣೆಯನ್ನು ಸೀಟಿಗೂ ಸವರುತ್ತಿದ್ದರು. ಸೀಟು ನೋಯುತ್ತದೆ ಅಂತ ಅಪ್ಪ ಹೇಳಿದ್ದು ನಾನು ಕೇಳಿಲ್ಲ.

ಚರ್ಮದ ಸೀಟು ಈಗಲೂ ಸಿಗುತ್ತದಾ ಅಂತ ಹುಡುಕಿದಾಗ ಕಣ್ಣಿಗೆ ಬಿದ್ದದ್ದು ಬ್ರೂಕ್ಸ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1866ರಲ್ಲಿ ಕುದುರೆ ಜೀನು, ಚರ್ಮದ ಸಾಮಾನು ಮಾಡುವ ಅಂಗಡಿಯಾಗಿ ಶುರುವಾದದ್ದು. 1882ರಲ್ಲಿ ಸೈಕಲ್ ಸೀಟಿಗೆ ಪೇಟೆಂಟ್ ಪಡೆದರು. ಬಿ17 ಅನ್ನುವ ಮಾದರಿ 19ನೇ ಶತಮಾನದ ಕೊನೆಯಿಂದ ಇದೆ. ಕಂಪನಿ 2002ರಿಂದ ಇಟಲಿಯ ಸೆಲ್ಲೆ ರಾಯಲ್‌ನವರ ಕೈಯಲ್ಲಿದೆ. ಈ ಸೀಟಿನಲ್ಲಿ ಸ್ಪಂಜು ಇಲ್ಲ, ಜೆಲ್ ಇಲ್ಲ. ದಪ್ಪ ಚರ್ಮವನ್ನು ಹಿಂದೆ ಮುಂದೆ ಉಕ್ಕಿಗೆ ರಿವಿಟ್ ಹೊಡೆದು ತಮಟೆಗೆ ಬಿಗಿದ ಹಾಗೆ ಬಿಗಿದಿರುತ್ತಾರೆ. ನಡುವೆ ಕೆಳಗೆ ಬರೀ ಗಾಳಿ. ಕೂತಾಗ ಚರ್ಮ ಜೋಲಿಯ ಹಾಗೆ ಸ್ವಲ್ಪ ಬಗ್ಗುತ್ತದೆ, ಉಬ್ಬಿ ಒತ್ತುವಂಥದ್ದು ಏನೂ ಅಲ್ಲಿಲ್ಲ. ಶಾರ್ಟ್ ಅನ್ನುವುದು ಅದೇ ಬಿ17, ಮುಂದಿನ ಮೂತಿ ಮಾತ್ರ ಗಿಡ್ಡ. ಹೆಂಗಸರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು.

ಒಂದ್ಸಲ ಮೋಸ ಹೋದವಳು, ಈ ಸಲ ಅಳೆಯದೆ ಕೊಳ್ಳುವುದಿಲ್ಲ ಅಂತ ತೀರ್ಮಾನ ಮಾಡಿದೆ. ಈ ಅಳತೆಯನ್ನು ನೀವೂ ಮನೆಯಲ್ಲೇ ಮಾಡಬಹುದು, ಹತ್ತು ನಿಮಿಷ ಸಾಕು. ಮಿಕ್ಸಿ ಬಂದಿದ್ದ ಡಬ್ಬದ ರಟ್ಟು, ಒಳಗೆ ಅಲೆಅಲೆಯಾಗಿ ಇರುತ್ತದಲ್ಲ, ಅದನ್ನು ಕತ್ತರಿಸಿ ಮರದ ಸ್ಟೂಲಿನ ಮೇಲೆ ಇಟ್ಟೆ. ತೆಳು ಪೈಜಾಮ ಹಾಕಿಕೊಂಡು ಕೂತೆ. ಸೈಕಲ್ ಮೇಲೆ ಬಗ್ಗುವಷ್ಟೇ ಮುಂದಕ್ಕೆ ಬಗ್ಗಿದೆ. ಸ್ಟೂಲಿನ ಅಂಚು ಹಿಡಿದು ಮೈಯನ್ನು ಕೆಳಕ್ಕೆ ಎಳೆದುಕೊಂಡು ಅರ್ಧ ನಿಮಿಷ ಹಾಗೇ ಇದ್ದೆ. ಎದ್ದು ನೋಡಿದರೆ ತಗ್ಗು ಕಣ್ಣಿಗೆ ಸರಿಯಾಗಿ ಕಾಣಲಿಲ್ಲ. ಚಾಕ್‌ಪೀಸನ್ನು ಮಲಗಿಸಿ ರಟ್ಟಿನ ಮೇಲೆ ಮೆಲ್ಲಗೆ ಎಳೆದೆ. ಸುತ್ತ ಎಲ್ಲ ಬೆಳ್ಳಗಾಗಿ ಎರಡು ಮೊಟ್ಟೆಯಾಕಾರದ ಕಂದು ಗುರುತು ಉಳಿದವು. ಮಗಳು ಜಾಮಿಟ್ರಿ ಬಾಕ್ಸಿನ ಸ್ಕೇಲ್ ಹಿಡಿದು ಒಂದರ ನಡುವಿಂದ ಇನ್ನೊಂದರ ನಡುವಿಗೆ ಅಳೆದಳು. 126 ಮಿಲಿಮೀಟರ್. "ಅಮ್ಮ, ಇನ್ನೊಂದ್ಸಲ ಕೂತ್ಕೋ" ಅಂತ ಹೊಸ ರಟ್ಟು ಇಟ್ಟಳು. 128. ಮೂರನೇ ಸಲ ಮತ್ತೆ 126.

ಅಳತೆ ಕೈಗೆ ಬಂದಮೇಲೆ ಎಲ್ಲಾ ಬಿಡಿಸಿತು. ನನ್ನ ಮೊದಲ ಸೀಟಿನ ಅಗಲ 138. ಅಂದರೆ ಮೂಳೆಯ ನಡುಭಾಗದಿಂದ ಸೀಟಿನ ಅಂಚಿಗೆ ಎರಡೂ ಕಡೆ ಆರಾರು ಮಿಲಿಮೀಟರ್, ಅಷ್ಟೇ. ಮೂಳೆಗಳು ಅಂಚಿನಿಂದ ಜಾರಿ ಕೆಳಗಿಳಿದು, ಭಾರವೆಲ್ಲ ನಡುವಿಗೆ ಬೀಳುತ್ತಿತ್ತು. ಜೆಲ್ ಸೀಟಿನ ಅಗಲ 220. ತೊಡೆ ಉಜ್ಜದೆ ಇನ್ನೇನಾಗುತ್ತದೆ? ನನ್ನ ಹಾಗೆ ನಡುವಿನ ಭಂಗಿಯಲ್ಲಿ ಕೂರುವವರಿಗೆ ಮೂಳೆಯ ಅಳತೆಗಿಂತ 20ರಿಂದ 30 ಮಿಲಿಮೀಟರ್ ಜಾಸ್ತಿ ಅಗಲ ಬೇಕು. ನೆಟ್ಟಗೆ ಕೂರುವವರಿಗೆ ಇನ್ನೂ ಜಾಸ್ತಿ, ಪೂರ್ತಿ ಬಗ್ಗುವವರಿಗೆ ಕಡಿಮೆ. ಬಿ17 ಶಾರ್ಟ್ ಹಿಂಭಾಗದಲ್ಲಿ ಸುಮಾರು 17.5 ಸೆಂಟಿಮೀಟರ್ ಇದೆ. ಇದು ಜಾಸ್ತಿ ಆಯಿತಲ್ಲ ಅನ್ನಿಸಬಹುದು. ಆದರೆ ಚರ್ಮದ ಸೀಟಿನ ಹಿಂದಿನ ಅಂಚಿನ ಕೆಳಗೆ ಉಕ್ಕಿನ ಪಟ್ಟಿ ಇರುತ್ತದೆ, ಅದರ ಮೇಲೆ ಮೂಳೆ ಬರಬಾರದು. ಪಟ್ಟಿ ಬಿಟ್ಟು ಒಳಗೆ ಅಳೆದರೆ ಕೂರಲು ಸಿಗುವುದು 15 ಸೆಂಟಿಮೀಟರ್. ನನಗೆ ಬೇಕಾದದ್ದೂ ಅಷ್ಟೇ.

ಬೆಂಗಳೂರಲ್ಲಿರುವ ತಮ್ಮ ತಂದುಕೊಟ್ಟ. 9,800 ರೂಪಾಯಿ. ಒಂದು ಸೀಟಿಗೆ ಇಷ್ಟಾ ಅಂತ ಮನೆಯಲ್ಲಿ ಕೇಳಿದರು. ನನಗೂ ಕೈ ನಡುಗಿತು.

ಕೂರಿಸುವ ಕೆಲಸಕ್ಕೆ ಪಂಚರ್ ಅಂಗಡಿ ಅಣ್ಣನ ಹತ್ತಿರ ಹೋದೆ. ಅವರು ಪಕ್ಕದ ಕಟ್ಟಡದ ಗಾರೆ ಕೆಲಸದವರ ಹತ್ತಿರ ರಸಮಟ್ಟ ಇಸ್ಕೊಂಡು ಬಂದು ಸೀಟಿನ ಮೇಲೆ ಉದ್ದಕ್ಕೆ ಇಟ್ಟರು. ಸಾಮಾನ್ಯವಾಗಿ ಸೀಟು ಮಟ್ಟಕ್ಕಿರಬೇಕು. ಈ ಸೀಟಿನ ಚರ್ಮ ನಡುವೆ ತುಸು ಇಳಿಜಾರು ಇರುವುದರಿಂದ ಮಟ್ಟಕ್ಕಿಟ್ಟರೆ ಮುಂದಕ್ಕೆ ಜಾರಿದ ಹಾಗಾಗಿ ಅಂಗೈ ಮೇಲೆ ಭಾರ ಬೀಳುತ್ತದೆ. ಮೂತಿಯನ್ನು ಒಂದು ಕೂದಲೆಳೆ ಮೇಲೆತ್ತಿದ ಮೇಲೆ ಸರಿಹೋಯಿತು. ಎತ್ತರದ ಲೆಕ್ಕ ನಾನೇ ಹಾಕಿಕೊಂಡು ಹೋಗಿದ್ದೆ. ಗೋಡೆಗೆ ಬೆನ್ನು ಕೊಟ್ಟು ನಿಂತು, ರಟ್ಟಿನ ಬೈಂಡಿನ ಹಾಜರಿ ಪುಸ್ತಕವನ್ನು ಕಾಲುಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ನೆಲದಿಂದ ಅದರ ಅಂಚಿಗೆ ಅಳೆದರೆ 73 ಸೆಂಟಿಮೀಟರ್. ಅದನ್ನು 0.883ರಿಂದ ಗುಣಿಸಿದರೆ 64.5. ಎರಡೂ ಪೆಡಲಿನ ತೋಳುಗಳು ಸೇರುವ ಅಚ್ಚಿನ ನಡುವಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟಿರಬೇಕು. ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಗೆದ್ದ ಗ್ರೆಗ್ ಲೆಮಾಂಡ್ ಹೆಸರಲ್ಲಿ ಓಡಾಡುವ ಸೂತ್ರ ಇದು. ನನ್ನ ಹಳೇ ಸೀಟು ಇದಕ್ಕಿಂತ ಮೂರು ಸೆಂಟಿಮೀಟರ್ ಕೆಳಗಿತ್ತು. ಸೀಟು ತಗ್ಗಿದ್ದರೆ ಕಾಲು ಭಾರ ಹೊರುವುದಿಲ್ಲ, ಎಲ್ಲಾ ಅಂಡಿನ ಮೇಲೇ ಬೀಳುತ್ತದೆ. ಹೊಸ ಸೀಟು ಕೊಳ್ಳುವ ಮೊದಲು ಇದೊಂದನ್ನು ಸರಿಮಾಡಿ ನೋಡಿ. ಕೆಲವರಿಗೆ ಖರ್ಚೇ ಉಳಿಯಬಹುದು.

ಮೊದಲ ತಿಂಗಳು ಗಟ್ಟಿ ಅಂದರೆ ಗಟ್ಟಿ. ಮೇಲುಕೋಟೆಯ ಕಲ್ಯಾಣಿ ಹತ್ತಿರ ಸೈಕಲ್ ನಿಲ್ಲಿಸಿದಾಗ ಪುಳಿಯೋಗರೆ ಮಾರುವವರೊಬ್ಬರು ಸೀಟು ತಟ್ಟಿ ನೋಡಿ, "ಏನಕ್ಕ ಇದು, ಕಲ್ಲಿದ್ದಂಗೈತೆ! ಎಂಗ್ ಕೂತ್ಕತೀರಿ?" ಅಂದರು. ಮೂಳೆ ತಾಕುವ ಎರಡು ಜಾಗದಲ್ಲಿ ನೋವಿತ್ತು, ನಿಜ. ಆದರೆ ಮೊದಲ ದಿನದಿಂದಲೇ ಜೋಮು ಇರಲಿಲ್ಲ. ಈ ಎರಡೂ ಬೇರೆ ಬೇರೆ. ಮೂಳೆಯ ನೋವು ಅಭ್ಯಾಸವಾದರೆ ಹೋಗುತ್ತದೆ. ಜೋಮು ಹಾಗೆ ಅಭ್ಯಾಸದಿಂದ ಹೋಗುವಂಥದ್ದಲ್ಲ, ಅದನ್ನು ತಡೆದುಕೊಂಡು ಓಡಿಸಬಾರದು.

ಸುಮಾರು 500 ಕಿಲೋಮೀಟರ್ ಆದಮೇಲೆ ಒಂದು ಬೆಳಿಗ್ಗೆ ಸೈಕಲ್ ಒರೆಸುತ್ತಿದ್ದೆ. ಎಳೆ ಬಿಸಿಲು ಅಡ್ಡಕ್ಕೆ ಸೀಟಿನ ಮೇಲೆ ಬೀಳುತ್ತಿತ್ತು. ಚರ್ಮದ ಮೇಲೆ ಎರಡು ಕಡೆ ನೆರಳು ಕಂಡಿತು. ಬೆರಳಾಡಿಸಿದರೆ ಬಟ್ಟಲಿನ ಒಳಗಿನ ಹಾಗೆ ನುಣ್ಣಗೆ ತಗ್ಗು. ಅಪ್ಪನ ಸೀಟಿನಲ್ಲಿದ್ದಂಥದ್ದೇ, ಇವು ನನ್ನವು. ಆ ಹೊತ್ತು ಎಷ್ಟು ಸಂತೋಷವಾಯಿತು ಅಂದರೆ ಬಟ್ಟೆ ಕೈಯಲ್ಲೇ ಹಿಡಿದು ಸುಮ್ನೆ ಕೂತುಬಿಟ್ಟೆ. ಆಮೇಲೆ ಗಮನಿಸಿದೆ, ಎಡಗಡೆ ತಗ್ಗು ಬಲಗಡೆಯದಕ್ಕಿಂತ ಆಳ. ಅಣ್ಣನಿಗೆ ತೋರಿಸಿದರೆ ಸೈಕಲ್ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿ, "ಮೂತಿ ಸೊಟ್ಟಗೈತೆ" ಅಂದರು. ಸೀಟಿನ ಮೂತಿ ಅರ್ಧ ಬೆರಳು ಬಲಕ್ಕೆ ತಿರುಗಿತ್ತು. ನೆಟ್ಟಗೆ ಮಾಡಿದ ಮೇಲೆ ಎಡ ಮಂಡಿಯ ಹಿಂದೆ ಬರುತ್ತಿದ್ದ ಸಣ್ಣ ಸೆಳೆತವೂ ನಿಂತಿತು.

ನಿಜವಾದ ಪರೀಕ್ಷೆ ಕಳೆದ ಡಿಸೆಂಬರಿನಲ್ಲಿ. ಬ್ರೆವೆ ಅನ್ನುವ, ಗೊತ್ತಾದ ಹೊತ್ತಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ ಮಾಡುವವರು 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಆ ಲೆಕ್ಕ ಇಟ್ಟುಕೊಂಡು ನಾವು ಮೂವರು ಗೆಳತಿಯರು ಮಂಡ್ಯದಿಂದ ಗುಂಡ್ಲುಪೇಟೆಗೆ ಹೋಗಿಬಂದೆವು. ಬೆಳಿಗ್ಗೆ ನಾಲ್ಕೂವರೆಗೆ ಹೊರಟೆವು. 2023ರ ಆಗಸ್ಟ್ 1ರಿಂದ ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಆಟೋಗಳಿಗೆ ಪ್ರವೇಶ ಇಲ್ಲ, ಸೈಕಲ್ಲಿಗೂ ಇಲ್ಲ. ಸರ್ವಿಸ್ ರಸ್ತೆಯೇ ಗತಿ. ಹಂಪು, ಗುಂಡಿ, ಕಬ್ಬಿನ ಟ್ರ್ಯಾಕ್ಟರು ಎಲ್ಲ ಅಲ್ಲೇ. ಕತ್ತಲಲ್ಲಿ ಕಾಣದ ಎರಡು ಹಂಪು ಜೋರಾಗಿಯೇ ತಾಕಿದವು. ಚರ್ಮ ಸ್ವಲ್ಪ ಬಗ್ಗಿ ಏಟನ್ನು ತಾನೇ ತಿಂದುಕೊಂಡಿತು. ಬೆನ್ನುಹುರಿಗೆ ಬರಲಿಲ್ಲ. ಶ್ರೀರಂಗಪಟ್ಟಣದ ಸೇತುವೆ ಮೇಲೆ ಬೆಳಕಾಯಿತು. ಮೈಸೂರು ದಾಟಿ ನಂಜನಗೂಡಿನಲ್ಲಿ ಇಡ್ಲಿ ತಿಂದೆವು. ಗುಂಡ್ಲುಪೇಟೆ ತಲುಪಿದಾಗ 106 ಕಿಲೋಮೀಟರ್. ನನ್ನ ಇಬ್ಬರು ಗೆಳತಿಯರೂ ಸೈಕಲ್ ಮಲಗಿಸಿ ನಿಂತೇ ಕಾಫಿ ಕುಡಿದರು. ನಾನು ಕಟ್ಟೆ ಮೇಲೆ ಕೂತು ಕುಡಿದೆ.

ವಾಪಸ್ ಬರುವಾಗ 150 ದಾಟಿದ ಮೇಲೆ ನೋವು ಬಂತು. ಮದುವೆ ಮನೆಯಲ್ಲಿ ಚಾಪೆ ಮೇಲೆ ತುಂಬಾ ಹೊತ್ತು ಕೂತರೆ ಬರುತ್ತದಲ್ಲ, ಅಂಥ ನೋವು. ಕಾಲು ಗಂಟೆಗೊಮ್ಮೆ ಪೆಡಲ್ ಮೇಲೆ ಎದ್ದು ನಿಂತರೆ ಹೋಗುತ್ತಿತ್ತು. 12 ಗಂಟೆ 50 ನಿಮಿಷಕ್ಕೆ ಮನೆ ಸೇರಿದೆವು, ಒಟ್ಟು 212 ಕಿಲೋಮೀಟರ್. ಸ್ನಾನ ಮಾಡುವಾಗ ಎಲ್ಲೂ ಉರಿಯಲಿಲ್ಲ.

ಅದರಲ್ಲಿ ಬಟ್ಟೆಯ ಪಾಲೂ ಇದೆ. ಪ್ಯಾಡ್ ಇರುವ ಸೈಕಲ್ ಚಡ್ಡಿಯನ್ನು ಒಳಗೆ ಬೇರೇನೂ ಹಾಕದೆ ತೊಡಬೇಕು. ಒಳಉಡುಪಿನ ಹೊಲಿಗೆಯೇ ಚರ್ಮ ತರಚುವುದು. ನಾನು ಮೇಲೊಂದು ಸಡಿಲ ಕುರ್ತಾ ಹಾಕಿಕೊಳ್ಳುತ್ತೇನೆ, ಊರೊಳಗೆ ಹಾದುಹೋಗುವಾಗ ಮುಜುಗರ ಇರುವುದಿಲ್ಲ. ತೊಡೆಸಂದಿಗೆ ತೆಳ್ಳಗೆ ಕೊಬ್ಬರಿ ಎಣ್ಣೆ. ಮನೆ ತಲುಪಿದ ತಕ್ಷಣ ಚಡ್ಡಿ ಬದಲಾಯಿಸಿ. ಒದ್ದೆ ಚಡ್ಡಿಯಲ್ಲಿ ಕೂತರೆ ಕುರು ಏಳುತ್ತದೆ.

ಇನ್ನು ಈ ಸೀಟಿನ ತೊಂದರೆಗಳು. ಮಳೆ ಇದಕ್ಕೆ ಆಗುವುದಿಲ್ಲ. ನೆನೆದ ಚರ್ಮದ ಮೇಲೆ ಕೂತು ಓಡಿಸಿದರೆ ಅದು ಹಿಗ್ಗಿ ಜೋತುಬೀಳುತ್ತದೆ. ಒಂದ್ಸಲ ಪಾಂಡವಪುರದ ಹತ್ತಿರ ಮಳೆ ಸಿಕ್ಕಿತು, ಎರಡು ನಂದಿನಿ ಹಾಲಿನ ಕವರ್ ಬಿಡಿಸಿ ರಬ್ಬರ್ ಬ್ಯಾಂಡ್ ಹಾಕಿ ಮುಚ್ಚಿಕೊಂಡು ಬಂದೆ. ಈಗ ಸೀಟಿನ ಕೆಳಗೇ ದೊಡ್ಡದೊಂದು ಪ್ಲಾಸ್ಟಿಕ್ ಮಡಿಚಿ ಸಿಕ್ಕಿಸಿಟ್ಟಿದ್ದೇನೆ. ನೆನೆದರೆ ನೆರಳಲ್ಲಿ ಒಣಗಿಸಬೇಕು, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಪ್ರೂಫೈಡ್ ಅಂತ ಅವರದೇ ಮೇಣದಂಥ ಮುಲಾಮು ಬರುತ್ತದೆ. ಅದನ್ನು ಮೇಲೂ ಕೆಳಗೂ ತೆಳ್ಳಗೆ ಸವರಿ, ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಬಟ್ಟೆಯಲ್ಲಿ ಉಜ್ಜಿದರೆ ಸಾಕು. ನಾನು ನಾಲ್ಕು ತಿಂಗಳಿಗೊಮ್ಮೆ ಸವರುತ್ತೇನೆ. ಅಪ್ಪನ ಹಾಗೆ ಹರಳೆಣ್ಣೆ ಹಚ್ಚುವ ಆಸೆ ನನಗೂ ಇತ್ತು. ಹಚ್ಚಲಿಲ್ಲ. ಎಣ್ಣೆ ಜಾಸ್ತಿ ಕುಡಿದ ಚರ್ಮ ಮೆದುವಾಗಿ ಬಿಗಿ ಕಳೆದುಕೊಳ್ಳುತ್ತದೆ.

ಮೊದಲ ಕೆಲವು ವಾರ ಬಣ್ಣ ಬಿಡುತ್ತದೆ, ಬಿಳಿ ಬಟ್ಟೆ ಹಾಕಬೇಡಿ. ತೂಕ ಅರ್ಧ ಕೆಜಿ ಹತ್ತಿರ ಇದೆ. ಕೆಳಗಿನ ಕಂಬಿಗಳು ಗಿಡ್ಡ, ಹಿಂದೆ ಮುಂದೆ ಸರಿಸಲು ಬೇರೆ ಸೀಟುಗಳಷ್ಟು ಜಾಗ ಸಿಗುವುದಿಲ್ಲ. ರೈಲ್ವೆ ಸ್ಟೇಷನ್ ಸ್ಟ್ಯಾಂಡಿನಲ್ಲಿ ಬಿಡುವಾಗ ಸೀಟಿಗೂ ಸೇರಿಸಿ ಕೇಬಲ್ ಬೀಗ ಹಾಕುತ್ತೇನೆ.

ಇನ್ನೊಂದು, ಇದು ದನದ ಚರ್ಮ. ನಮ್ಮತ್ತೆ ಕೇಳಿದಾಗ ಇದ್ದದ್ದನ್ನೇ ಹೇಳಿದೆ. "ಹಂಗಾದ್ರೆ ತುಳಸಿಕಟ್ಟೆಯಿಂದ ಆಚೆ ನಿಲ್ಸವ್ವ" ಅಂದರು. ಹಾಗೇ ನಿಲ್ಲಿಸುತ್ತೇನೆ. ಚರ್ಮವೇ ಬೇಡ ಅನ್ನುವವರಿಗೆ ಅದೇ ಕಂಪನಿಯ ಕೇಂಬಿಯಂ ಇದೆ. ರಬ್ಬರಿನಲ್ಲಿ ಮಾಡಿದ್ದು, ಅದೂ ಜೋಲಿಯ ಹಾಗೇ ಬಗ್ಗುತ್ತದೆ, ಮಳೆಗೆ ಹೆದರುವುದಿಲ್ಲ, ಪಳಗಿಸುವ ಕೆಲಸವೂ ಇಲ್ಲ. ಆದರೆ ನಿಮ್ಮ ಮೂಳೆಗೆ ತಕ್ಕ ಹಾಗೆ ಅದರಲ್ಲಿ ತಗ್ಗು ಬೀಳುವುದಿಲ್ಲ.

ಮೂತಿಯ ಕೆಳಗೆ ಚರ್ಮ ಬಿಗಿಮಾಡಲು ಒಂದು ನಟ್ಟು ಇದೆ, ಅದಕ್ಕೊಂದು ಸ್ಪ್ಯಾನರ್ ಕೂಡ ಬರುತ್ತದೆ. ತುಂಬಾ ಜನ ಕೊಂಡ ವಾರಕ್ಕೇ ತಿರುಗಿಸಿ ಕೆಡಿಸಿಕೊಳ್ಳುತ್ತಾರೆ. ಜೋತುಬಿದ್ದಾಗ ಮಾತ್ರ, ಅದೂ ಕಾಲು ಸುತ್ತು ತಿರುಗಿಸಿದರೆ ಸಾಕು. 14 ತಿಂಗಳಾಯಿತು, ನಾನಿನ್ನೂ ಮುಟ್ಟಿಲ್ಲ.

ಗುಂಡ್ಲುಪೇಟೆಯಲ್ಲಿ ನಿಂತು ಕಾಫಿ ಕುಡಿದ ಗೆಳತಿಯರಲ್ಲಿ ಒಬ್ಬರು ನನ್ನ ಸೀಟೇ ಬೇಕು ಅಂತ ಹಠ ಹಿಡಿದರು. ಮನೆಗೆ ಕರೆಸಿ ರಟ್ಟಿನ ಮೇಲೆ ಕೂರಿಸಿದೆ. 142 ಮಿಲಿಮೀಟರ್ ಬಂತು. ಅವರ ಹ್ಯಾಂಡಲ್ ಎತ್ತರ, ಪೂರ್ತಿ ನೆಟ್ಟಗೆ ಕೂರುತ್ತಾರೆ. ಬಿ17 ಅವರಿಗೆ ಆಗುವುದಿಲ್ಲ, ಉಕ್ಕಿನ ಪಟ್ಟಿ ಮೇಲೇ ಮೂಳೆ ಕೂರುತ್ತದೆ ಅಂತ ಹೇಳಿದೆ. ಇದಕ್ಕಿಂತ ಅಗಲವಾದ, ಹಿಂದೆ ಸ್ಪ್ರಿಂಗ್ ಇರುವ ಬಿ67 ಅಂತ ಒಂದಿದೆ, ಅಪ್ಪನ ಸೈಕಲ್ಲಿನದರ ಜಾತಿಯದೇ. ದಸರಾ ರಜೆಯಲ್ಲಿ ಬೆಂಗಳೂರಿಗೆ ಹೋಗಿ ಅದರ ಮೇಲೆ ಅವರನ್ನು ಕೂರಿಸಿ ನೋಡುತ್ತೇವೆ.